ವಿಚಿತ್ರ ಬಾಡಿ ಹಾರರ್ (ಮನುಷ್ಯನ ಮೈಯೇ ವಿಕಾರವಾಗಿ ಬದಲಾಗುವ ಭಯಾನಕ) ಸಿನಿಮಾಗಳನ್ನು ನೀವು ಹೇಗೆ ನೋಡುತ್ತೀರಿ? ಅನುಭವ ಹೇಳಿ

ಪ್ರಶ್ನೆ: ಡೇವಿಡ್ ಕ್ರೋನೆನ್‌ಬರ್ಗ್ ಅವರ 'ವಿಡಿಯೋಡ್ರೋಮ್' (1983) ನೋಡಲು ಕೂತೆ. ನಾಯಕನ ಹೊಟ್ಟೆ ಸೀಳಿ ಬಾಯಿಯ ಹಾಗೆ ತೆರೆದುಕೊಳ್ಳುವ ತನಕ ಹೇಗೋ ನೋಡಿದೆ. ಆಮೇಲೆ ಯಾವುದು ನಿಜ, ಯಾವುದು ಭ್ರಮೆ ಅಂತ ತಿಳಿಯದೆ ನಿಲ್ಲಿಸಿಬಿಟ್ಟೆ. ಆದರೆ ಎರಡು ದಿನದಿಂದ ಅದು ತಲೆಯಿಂದ ಹೋಗುತ್ತಿಲ್ಲ. ಇಂಥ ಸಿನಿಮಾ ಇಷ್ಟಪಡುವವರು ಹೇಗೆ ನೋಡುತ್ತೀರಿ?

ಉತ್ತರ 1: ತಲೆಯಿಂದ ಹೋಗುತ್ತಿಲ್ಲ ಅಂದಿರಲ್ಲ, ನಿಮಗೆ ಅದು ಆಗಲೇ ಹಿಡಿಸಿದೆ. ಮೊದಲ ಸಲ ನಾನೂ ಪ್ರತಿ ದೃಶ್ಯಕ್ಕೂ 'ಇದು ನಿಜವಾ, ಕನಸಾ' ಅಂತ ಕೇಳಿಕೊಳ್ಳುತ್ತಾ ಸುಸ್ತಾಗಿದ್ದೆ. ಅದಕ್ಕೆ ಉತ್ತರ ಸಿಗುವುದಿಲ್ಲ. ಯಾಕಂದರೆ ನಾವು ಎಲ್ಲವನ್ನೂ ನಾಯಕ ಮ್ಯಾಕ್ಸ್‌ನ ಜೊತೆಗೇ ನೋಡುತ್ತಿದ್ದೇವೆ. ಅವನಿಗೆ ತಿಳಿಯದ್ದು ನಮಗೂ ತಿಳಿಯುವುದಿಲ್ಲ.

ಎರಡನೇ ಸಲ ಒಂದನ್ನೇ ಹಿಡಿದುಕೊಂಡೆ: ಈಗ ಅವನ ಮೈಗೆ ಏನಾಗುತ್ತಿದೆ? ಮೊದಲು ಅವನು ಬರೀ ಟಿವಿ ನೋಡುವವನು. ಆಮೇಲೆ ಹೊಟ್ಟೆಯ ಆ ಸೀಳಿನೊಳಗೆ ಬೇರೆಯವರು ಕ್ಯಾಸೆಟ್ ತುರುಕುತ್ತಾರೆ, ಅಂದರೆ ಅವನೇ ಕ್ಯಾಸೆಟ್ ಓಡಿಸುವ ಯಂತ್ರ. ಮುಂದೆ ಪಿಸ್ತೂಲು ಅವನ ಕೈಗೇ ಬೆಸೆದುಕೊಳ್ಳುತ್ತದೆ. ನೋಡುವವನು, ಯಂತ್ರ, ಆಯುಧ. ಮೈಯನ್ನು ಹಿಂಬಾಲಿಸಿದರೆ ಕಥೆ ಎಲ್ಲೂ ತಪ್ಪುವುದಿಲ್ಲ.

ಆದರೂ ನೀವು ಮೊದಲು ಅದೇ ನಿರ್ದೇಶಕರ 'ದಿ ಫ್ಲೈ' (1986) ನೋಡಿ. ಕಥೆ ನೇರ. ಒಬ್ಬ ವಿಜ್ಞಾನಿ, ವಸ್ತುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವ ಯಂತ್ರ, ಅವನ ಜೊತೆ ಒಳಗೆ ಸೇರಿಕೊಂಡ ಒಂದು ನೊಣ. ಶುರುವಿನಲ್ಲಿ ಅವನಿಗೆ ಎಂದೂ ಇಲ್ಲದ ಶಕ್ತಿ ಬಂದಿರುತ್ತದೆ, ಎಷ್ಟು ಖುಷಿ ಪಡುತ್ತಾನೆ! ಆಮೇಲೆ ಉಗುರು, ಹಲ್ಲು, ಕಿವಿ ಒಂದೊಂದಾಗಿ ಉದುರುತ್ತವೆ. ಉದುರಿದ್ದನ್ನು ಔಷಧಿ ಇಡುವ ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ನಮ್ಮ ಮನೆಯಲ್ಲಿ ಒಬ್ಬರು ತುಂಬಾ ದಿನ ಕಾಯಿಲೆ ಬಿದ್ದಿದ್ದನ್ನು ನಾನು ಹತ್ತಿರದಿಂದ ನೋಡಿದ್ದೆ. ಆ ಕಪಾಟು ಕಂಡಾಗ ಅಸಹ್ಯ ಆಗಲಿಲ್ಲ, ಅಳು ಬಂತು.

ಉತ್ತರ 2: ನನಗೆ ದಾರಿ ತೋರಿಸಿದ್ದು ಇದರ ಕೈಕೆಲಸ. 'ವಿಡಿಯೋಡ್ರೋಮ್'ನಲ್ಲಿ ಟಿವಿ ಪರದೆ ಉಬ್ಬಿ ಹೊರಗೆ ಬರುತ್ತದಲ್ಲ, ಅದು ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ. ಎಳೆದರೆ ಹಿಗ್ಗುವ ರಬ್ಬರ್ ಹಾಳೆಯ ಮೇಲೆ ಚಿತ್ರ ಬಿಟ್ಟು ಮಾಡಿದ್ದು. ಮೇಕಪ್ ಕೆಲಸ ರಿಕ್ ಬೇಕರ್ ಅವರದು. ಇದು ಗೊತ್ತಾದ ಮೇಲೆ ಹೆದರಿಕೆ ಹೋಯಿತಾ ಅಂದರೆ, ಇಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕಡೆ ಈಗ ಕಣ್ಣರಳಿಸಿ ನೋಡುತ್ತೇನೆ, ಅಷ್ಟೇ. 'ದಿ ಥಿಂಗ್' (1982) ಸಿನಿಮಾದ ಆ ಭಯಾನಕ ಮೈಗಳನ್ನು ರೂಪಿಸಿದ ರಾಬ್ ಬಾಟಿನ್ ಅವರಿಗೆ ಆಗ ಇಪ್ಪತ್ತು ದಾಟಿ ಒಂದೆರಡು ವರ್ಷ. ನೆನೆಸಿಕೊಂಡರೆ ಈಗಲೂ ಬೆರಗಾಗುತ್ತದೆ.

ಉತ್ತರ 3: ಶಿನ್ಯಾ ತ್ಸುಕಾಮೊಟೊ ಅವರ 'ತೆತ್ಸುವೊ' (1989) ಪಟ್ಟಿಗೆ ಸೇರಿಸಿ. ಕಪ್ಪು ಬಿಳುಪು, ಬರೀ 67 ನಿಮಿಷ. ಒಬ್ಬ ಮನುಷ್ಯ ಕಬ್ಬಿಣವಾಗುತ್ತಾ ಹೋಗುತ್ತಾನೆ. ಅರ್ಥ ಹುಡುಕಬೇಡಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಲೋಹ ಬಡಿಯುವ ಆ ಸಂಗೀತವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಊಟ ಮಾಡುತ್ತಾ ಮಾತ್ರ ನೋಡಬೇಡಿ.

ಉತ್ತರ 4: ನಿಲ್ಲಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ರಕ್ತ ಕಂಡರೆ ಏನೂ ಆಗುವುದಿಲ್ಲ, ಸೂಜಿ ಕಂಡರೆ ಮೈ ಜುಮ್ಮೆನ್ನುತ್ತದೆ. 'ದಿ ಸಬ್‌ಸ್ಟನ್ಸ್' (2024) ಸಿನಿಮಾದಲ್ಲಿ ಸೂಜಿ ಜಾಸ್ತಿ, ಬೆನ್ನಿಂದ ದ್ರವ ತೆಗೆಯುವುದೂ ಇದೆ. ಎರಡು ದಿನ ಹಗಲು ಹೊತ್ತಿನಲ್ಲಿ, ಗೆಳತಿಯ ಜೊತೆ ಕೂತು ಮುಗಿಸಿದೆ. ವಯಸ್ಸಾದ ತನ್ನ ಮೈಯನ್ನು ಸಿನಿಮಾದ ನಾಯಕಿ ಅಷ್ಟೊಂದು ದ್ವೇಷಿಸುವುದು ನನಗೆ ಸೂಜಿಗಿಂತ ಜಾಸ್ತಿ ಚುಚ್ಚಿತು. ನಿಮಗೆ ತಡೆಯಲಾಗದ್ದು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. 'ದಿ ಫ್ಲೈ' ನೋಡಿದ ಮೇಲೆ 'ವಿಡಿಯೋಡ್ರೋಮ್' ನಿಲ್ಲಿಸಿದ ಕಡೆಯಿಂದ ನೋಡಲಾ, ಮೊದಲಿಂದಲಾ?

ಉತ್ತರ 1: ಮೊದಲಿಂದ. ಬೆಳಿಗ್ಗೆ ಮ್ಯಾಕ್ಸ್‌ನನ್ನು ನಿದ್ದೆಯಿಂದ ಎಬ್ಬಿಸುವುದು ಯಾರು ಅಂತ ಗಮನಿಸಿ. ಟಿವಿ.