ವೈದ್ಯರ ಔತಣಕ್ಕೆ ನಗಿಸುತ್ತಲೇ ‘ಬರಲಾರೆ’ ಎನ್ನುವುದು ಹೇಗೆ?

ಹಾಸನದ ಕಿರಿಯ ವೈದ್ಯೆಯ ಕೋರಿಕೆ: ಜುಲೈ 1ರ ವೈದ್ಯರ ದಿನದ ಔತಣಕೂಟಕ್ಕೆ ಹಿರಿಯರು ಕರೆದಿದ್ದಾರೆ. ಆ ರಾತ್ರಿ ಹೆರಿಗೆ ವಾರ್ಡಿನಲ್ಲಿ ನನ್ನ ಪಾಳಿಯಿದೆ. ಒಣ ಕ್ಷಮಾಪಣೆಗಿಂತ ಅವರು ನಗುವಂಥ ಉತ್ತರ ಬರೆಯುವಾಸೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸಕಲೇಶಪುರದ ಅರಿವಳಿಕೆ ತಜ್ಞೆ: ‘ಬರಲಾಗುವುದಿಲ್ಲ’ ಎಂಬ ಮಾತು ಮೊದಲ ಸಾಲಿನಲ್ಲೇ ಇರಲಿ, ಏಕೆಂದರೆ ಬರಿಯ ತಮಾಷೆಯನ್ನು ಓದಿದವರು ‘ಹೀಗೆನ್ನುತ್ತಾರೆ, ಕೊನೆಗೆ ಬಂದೇ ಬರುತ್ತಾರೆ’ ಎಂದುಕೊಂಡು ನಿಮಗೂ ಎಲೆ ಹಾಕಿಸಿರುತ್ತಾರೆ. ನಗೆಯು ನಮ್ಮೆಲ್ಲರಿಗೂ ಗೊತ್ತಿರುವ ವೃತ್ತಿಯ ಪಾಡಿನಿಂದಲೇ ಹುಟ್ಟಬೇಕು. ನಾನೊಮ್ಮೆ ಹೀಗೆ ಬರೆದಿದ್ದೆ: ‘ಅಂದು ರಾತ್ರಿ ಜನರನ್ನು ಮಲಗಿಸಿ ಮತ್ತೆ ಎಬ್ಬಿಸುವ ಕೆಲಸವಿದೆ, ಊಟಕ್ಕೆ ಬಂದರೆ ಮೊದಲರ್ಧ ಮಾತ್ರ ಆದೀತು.’ ಅಧ್ಯಕ್ಷರು ಅದನ್ನು ಸಭೆಯಲ್ಲೇ ಓದಿದರಂತೆ. ನೀವು ಹೀಗೆ ಬರೆಯಬಹುದು: ‘ಆಮಂತ್ರಣವಿಲ್ಲದೆಯೇ ಬರುವ, ಬಂದೊಡನೆ ಅಳುವ ಪುಟ್ಟ ಅತಿಥಿಗಳು ನಿಮ್ಮ ಔತಣದ ಹೊತ್ತಿಗೇ ಬರುತ್ತೇವೆಂದು ಹಟ ಹಿಡಿದಿರುವುದರಿಂದ, ಅವರನ್ನು ಎದುರುಗೊಳ್ಳಲು ನಾನು ಬಾಗಿಲಲ್ಲೇ ಇರಬೇಕಾಗಿದೆ.’ ಆದರೆ ಯಾವ ರೋಗಿಯ ಗುರುತೂ ಅದರಲ್ಲಿ ಸುಳಿಯಬಾರದು. ನಮ್ಮ ಊರುಗಳಲ್ಲಿ ‘ಬೇಲೂರು ಕಡೆಯ ಅವಳಿ ಹೆರಿಗೆ’ ಎಂದಷ್ಟೇ ಹೇಳಿದರೂ ಯಾರೆಂಬುದು ತಿಳಿದುಹೋಗುತ್ತದೆ.

ಚಿಕ್ಕಮಗಳೂರಿನಲ್ಲಿ ಔತಣ ಏರ್ಪಡಿಸುತ್ತಿದ್ದ ಹಿರಿಯ ವೈದ್ಯ: ಮೇಲಿನ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅಡುಗೆಯವರಿಗೆ ಎಲೆಯ ಲೆಕ್ಕದಲ್ಲಿ ಹಣ ಕೊಡುವುದರಿಂದ, ‘ನೋಡೋಣ’ ಎನ್ನುವವರಿಗಿಂತ ಸ್ಪಷ್ಟವಾಗಿ ‘ಇಲ್ಲ’ ಎನ್ನುವವರೇ ನಮಗೆ ಉಪಕಾರಿಗಳು. ಮಳೆಯ ನೆಪ ಬೇಡ. ಜುಲೈ ತಿಂಗಳಲ್ಲಿ ಮೂಡಿಗೆರೆಯವರಿಗೂ ಕೊಪ್ಪದವರಿಗೂ ಮಳೆಯೇ, ಅವರು ನೆನೆದುಕೊಂಡೇ ಬಂದಿರುತ್ತಾರೆ. ಒಬ್ಬರು ಔಷಧ ಚೀಟಿಯ ಮಾದರಿಯಲ್ಲಿ ‘ಊಟಕ್ಕೆ ಮೊದಲು ಎರಡು ಭಾಷಣ, ನಂತರ ಮೂರು, ಈ ಪ್ರಮಾಣ ನನ್ನ ದೇಹಕ್ಕೆ ಒಗ್ಗದು’ ಎಂದು ಬರೆದು ಕಳುಹಿಸಿದ್ದರು. ಚೀಟಿಯ ಕಲ್ಪನೆ ಬಹಳ ಸೊಗಸಾಗಿತ್ತು, ಆದರೆ ಭಾಷಣ ಸಿದ್ಧಪಡಿಸಿಕೊಂಡಿದ್ದ ಹಿರಿಯರು ಬಹುಕಾಲ ನೊಂದುಕೊಂಡರು. ವೈದ್ಯರ ದಿನವು 1882ರ ಜುಲೈ 1ರಂದು ಹುಟ್ಟಿ 1962ರಲ್ಲಿ ಅದೇ ಜುಲೈ 1ರಂದು ತೀರಿಕೊಂಡ, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಆಗಿದ್ದ ವೈದ್ಯ ಡಾ. ಬಿ.ಸಿ. ರಾಯ್ ಅವರ ನೆನಪಿನದು. ನಮ್ಮ ತಲೆಮಾರಿಗೆ ಅದರ ಮೇಲೆ ಭಕ್ತಿಯಿದೆ. ಹಾಗೆಂದು ಹಾಸ್ಯಕ್ಕೆ ಅಂಜಬೇಡಿ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ಡಾ. ಎಂ. ಶಿವರಾಂ ಅವರೂ ನಮ್ಮ ವೃತ್ತಿಯವರೇ. ಮಾರನೆಯ ದಿನ ಅಧ್ಯಕ್ಷರಿಗೆ ಫೋನ್ ಮಾಡಿ ಕೂಟ ಹೇಗಾಯಿತೆಂದು ವಿಚಾರಿಸಿದರಂತೂ ನೀವು ಬಾರದಿದ್ದುದನ್ನು ಯಾರೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ.

ಅರಸೀಕೆರೆಯ ಮಕ್ಕಳ ವೈದ್ಯ: ಔತಣದ ಖರ್ಚನ್ನು ಯಾರು ಭರಿಸುತ್ತಾರೆಂದು ಮೊದಲು ಕೇಳಿಕೊಳ್ಳಿ. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯುವುದನ್ನು ವೈದ್ಯಕೀಯ ಪರಿಷತ್ತಿನ ನಿಯಮಗಳ 2009ರ ತಿದ್ದುಪಡಿ ನಿರ್ಬಂಧಿಸಿತು. ಔಷಧ ಮಾರಾಟಕ್ಕೆ ಸಂಬಂಧಿಸಿದ 2024ರ ಸಂಹಿತೆಯು ದುಬಾರಿ ಭೋಜನವನ್ನೂ ಹೆಸರಿಸಿ ಬೇಡವೆಂದಿದೆ. ಅಂಥ ಕರೆಗೆ ವಿನೋದವನ್ನು ಬೆರೆಸದೆ ಒಂದೇ ಸಾಲಿನಲ್ಲಿ ನಿರಾಕರಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ.