ಮೂರು ಕೋಣೆಯ ಹೋಂಸ್ಟೇ ವೆಬ್‌ಸೈಟಿಗೆ ಯಾವ ಹೋಸ್ಟಿಂಗ್ ತಗೊಳ್ಳೋದು?

ಜೋನಿಬೆಲ್ಲ (ಶಿರಸಿ):
ಸೋಂದಾ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಮಾರುತ್ತೇವೆ. ಇಷ್ಟು ದಿನ ಎಲ್ಲ ವಾಟ್ಸಾಪಲ್ಲೇ ನಡೆದಿತ್ತು, ಈಗ ವೆಬ್‌ಸೈಟ್ ಮಾಡಿಸುವ ಅಂತ. ಹೋಸ್ಟಿಂಗಿಗೆ, ಅಂದರೆ ಸೈಟನ್ನು ತಮ್ಮ ಸರ್ವರಲ್ಲಿ (ಸದಾ ಚಾಲೂ ಇರುವ ಕಂಪ್ಯೂಟರಲ್ಲಿ) ಇಟ್ಟುಕೊಳ್ಳೋದಕ್ಕೆ, ಒಂದು ಕಂಪನಿಯವರು ತಿಂಗಳಿಗೆ 79 ರೂಪಾಯಿ ಅನ್ನುತ್ತಾರೆ, ಆದರೆ ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಬೇಕಂತೆ. ಇನ್ನೊಬ್ಬರು 'ಮಾರಿಕಾಂಬಾ ಜಾತ್ರೆ ಟೈಮಲ್ಲಿ ಸೈಟ್ ಬಿದ್ದುಹೋಗುತ್ತೆ, ವಿಪಿಎಸ್ಸೇ, ಅಂದರೆ ನಿಮಗೇ ಅಂತ ಬೇರೆ ಮಾಡಿದ ಸರ್ವರ್ ಪಾಲೇ, ತಗೊಳ್ಳಿ' ಅಂತ ಹೆದರಿಸಿದರು. ಮಗನದ್ದು ಬೇರೆಯೇ ರಾಗ, ಮನೆಯ ಹಳೇ ಕಂಪ್ಯೂಟರಲ್ಲೇ ಇಡೋಣ ಅಂತಾನೆ. ಸೈಟಲ್ಲಿ ಬುಕಿಂಗ್, ಪೇಮೆಂಟ್ ಏನೂ ಬೇಡ. ಫೋಟೋ, ದರ, ಬರುವ ದಾರಿ, ವಾಟ್ಸಾಪ್ ಬಟನ್ ಇದ್ದರೆ ಸಾಕು.

ಅಘನಾಶಿನಿ (ಕುಮಟಾ):
ಮಗನಿಗೆ ಮೊದಲು ಹೇಳಿ, ಮನೆ ಕಂಪ್ಯೂಟರ್ ಬೇಡ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಸೈಟೂ ಹೋಯ್ತು.

ವಿಪಿಎಸ್ಸೂ ಬೇಡ ಮಾರಾಯ್ರೇ. ಅದರ ಅಪ್‌ಡೇಟು, ಸೆಕ್ಯುರಿಟಿ ಎಲ್ಲ ನೀವೇ ನೋಡಬೇಕು. ಜಾತ್ರೆ ಬರೋದೇ ಎರಡು ವರ್ಷಕ್ಕೊಮ್ಮೆ. ಬಂದವರೆಲ್ಲ ನಿಮ್ಮ ಮೂರು ಕೋಣೆ ಹುಡುಕಿದರೂ ಸಾಮಾನ್ಯ ಶೇರ್ಡ್ ಹೋಸ್ಟಿಂಗ್ (ಹಲವರ ಸೈಟ್ ಒಂದೇ ಸರ್ವರಲ್ಲಿ ಇರೋದು) ತಾಳಿಕೊಳ್ಳುತ್ತದೆ.

79 ರೂಪಾಯಿ ಅನ್ನೋದು ಮೊದಲ ಸಲದ ದರ. ರಿನ್ಯೂವಲ್ ದರ ಎಷ್ಟು ಅಂತ ಕೇಳಿ, ಎಷ್ಟೋ ಕಡೆ ಮೂರು ನಾಲ್ಕು ಪಟ್ಟು ಆಗುತ್ತದೆ. ಮೇಲೆ 18% ಜಿಎಸ್‌ಟಿ. ಎಸ್‌ಎಸ್‌ಎಲ್‌ಗೆ (ಸೈಟಿನ ವಿಳಾಸಕ್ಕೆ https ಬರಿಸುವ ಸುರಕ್ಷತಾ ಪ್ರಮಾಣಪತ್ರಕ್ಕೆ) ಬೇರೆ ದುಡ್ಡು ಕೇಳಿದರೆ ಎದ್ದು ಬನ್ನಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗಿನವರು ತಾವೇ ಹಾಕಿ ತಾವೇ ರಿನ್ಯೂ ಮಾಡುತ್ತಾರೆ. ಸರ್ವರ್ ಮುಂಬೈಯಲ್ಲಿದ್ದರೆ ಒಳ್ಳೆಯದು, ಅಮೆರಿಕದ್ದು ನಮಗ್ಯಾಕೆ?

ಇದಕ್ಕಿಂತ ದೊಡ್ಡ ವಿಷಯ ಫೋಟೋ. ನಿಮ್ಮ ಗಿರಾಕಿ ಸೈಟ್ ತೆರೆಯೋದು ಬೆಂಗಳೂರಿನ ವೈಫೈಯಲ್ಲಿ ಮಾತ್ರ ಅಲ್ಲ. ದಾರಿ ತಪ್ಪಿದಾಗಲೂ ತೆರೆಯುತ್ತಾನೆ. ದೇವಿಮನೆ ಘಟ್ಟದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು, ಹಿಂದೆ ಮಕ್ಕಳು ಅಳುತ್ತಾ, 'ಬರುವ ದಾರಿ' ಒತ್ತುತ್ತಾನೆ. ಆಗ ನೀವು ಮೊಬೈಲಿಂದ ನೇರ ಹಾಕಿದ 5 ಎಂಬಿಯ ಅಡಿಕೆ ತೋಟದ ಫೋಟೋ ಇಳಿಯುತ್ತಾ ಕೂತರೆ ಯಾವ ಸರ್ವರ್ ಇದ್ದು ಏನು ಪ್ರಯೋಜನ? ಒಂದೊಂದು ಫೋಟೋನೂ 200 ಕೆಬಿ ಒಳಗೆ ಇಳಿಸಿ, ವೆಬ್‌ಪಿ (ಫೋಟೋದ ಹಗುರ ಫೈಲ್ ರೂಪ) ಮಾಡಿ. ದಾರಿಯನ್ನು ಅಕ್ಷರದಲ್ಲೂ ಬರೆಯಿರಿ, ಫೋನ್ ನಂಬರ್ ಪುಟದ ತಲೆಯಲ್ಲೇ ಇರಲಿ.

ಕಾಳಿ ಸೇತುವೆ (ಕಾರವಾರ):
ಒಂದು ಮಾತು ಸೇರಿಸುತ್ತೇನೆ. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲಲ್ಲೇ ಇರಲಿ. ನಮ್ಮ ಮಾವನ ಹೋಟೆಲಿನ ಸೈಟ್ ಮಾಡಿಕೊಟ್ಟ ಪುಣ್ಯಾತ್ಮ ಡೊಮೇನನ್ನು ತನ್ನ ಹೆಸರಲ್ಲೇ ತಗೊಂಡಿದ್ದ. ಬೇರೆ ಕಡೆ ಹೋಗುವಾಗ ಡೊಮೇನ್ ಸಾಗಿಸಲು ಬೇಕಾದ ಟ್ರಾನ್ಸ್‌ಫರ್ ಕೋಡ್ ಕೇಳಿದರೆ ಫೋನೇ ಎತ್ತಲಿಲ್ಲ. ಕೊನೆಗೆ ಹೊಸ ಹೆಸರು ತಗೊಂಡು ಬೋರ್ಡು, ಬಿಲ್ ಬುಕ್ಕು ಎಲ್ಲ ಮತ್ತೆ ಮಾಡಿಸಿದರು. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇದ್ದರೂ ತೊಂದರೆ ಇಲ್ಲ, ಹಾಗೆ ಇದ್ದರೇ ಹಗುರ.

ಜೋನಿಬೆಲ್ಲ (ಶಿರಸಿ):
ಇಬ್ಬರಿಗೂ ಥ್ಯಾಂಕ್ಸ್. ಸೈಟನ್ನು ನಾವೇ ತಿದ್ದಿಕೊಳ್ಳುವ ಆ ವರ್ಡ್‌ಪ್ರೆಸ್ ತಂತ್ರಾಂಶ ಬೇಕಾ? ದರ ಬದಲಾಗೋದು ವರ್ಷಕ್ಕೊಮ್ಮೆ. ಉಪ್ಪಿನಕಾಯಿ ಮಾತ್ರ ಯಾವಾಗ ಖಾಲಿ ಆಗುತ್ತೆ ಹೇಳಕ್ಕಾಗಲ್ಲ.

ಅಘನಾಶಿನಿ (ಕುಮಟಾ):
ಹಾಗಾದರೆ ವರ್ಡ್‌ಪ್ರೆಸ್ಸೂ ಬೇಡ, ಅದಕ್ಕೆ ಸೇರಿಸುವ ಪ್ಲಗಿನ್‌ಗಳ ಅಪ್‌ಡೇಟಿನ ರಗಳೆ ಯಾರಿಗೆ ಬೇಕು? ನಾಲ್ಕು ಎಚ್‌ಟಿಎಂಎಲ್ ಪುಟ (ಸಾದಾ ವೆಬ್ ಪುಟ) ಮಾಡಿ ಕ್ಲೌಡ್‌ಫ್ಲೇರ್ ಕಂಪನಿಯ ಪೇಜಸ್ ಅನ್ನುವ ಹೋಸ್ಟಿಂಗಲ್ಲಿ ಇಡಿ, ಪುಕ್ಕಟೆ. ಮಗನಿಗೆ ಈ ಕೆಲಸ ಕೊಡಿ, ಹುರುಪಿದೆ ಅಲ್ವಾ. ಆಗ ಶೇರ್ಡ್ ಹೋಸ್ಟಿಂಗೂ ಬೇಡ, ಖರ್ಚು ಡೊಮೇನಿಗೆ ಮಾತ್ರ. ಉಪ್ಪಿನಕಾಯಿಯನ್ನು ವಾಟ್ಸಾಪ್ ಬಿಸಿನೆಸ್ ಕೆಟಲಾಗಲ್ಲಿ ಹಾಕಿ, ಸೈಟಿಂದ ಅಲ್ಲಿಗೆ ಲಿಂಕ್ ಕೊಡಿ. ಖಾಲಿಯಾದರೆ ಫೋನಲ್ಲೇ ಮರೆಮಾಡಬಹುದು. ನನಗೊಂದು ಭರಣಿ ತೆಗೆದಿಟ್ಟ ಮೇಲೆ ಮರೆಮಾಡಿ, ಆಯ್ತಾ?