ಡೊಂಬಿವಲಿಯಲ್ಲಿ ಹಳೇ ಒನ್ ಬಿಎಚ್‌ಕೆ ಒಳ್ಳೇದಾ, ಶೀಳ್ ರಸ್ತೆಯ ಹೊಸ ಟವರ್ ಒಳ್ಳೇದಾ? ಗಾಡಿ ಇಲ್ಲದವರಿಗೆ

ಅಂಕೋಲೆಯವ:

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಮುಂಬೈ ಪಕ್ಕದ ಠಾಣೆ ಊರಲ್ಲಿ, ಹೆಂಡತಿಯದು ವಿಕ್ರೋಳಿಯಲ್ಲಿ. ಕಳ್ವಾದಲ್ಲಿ ಬಾಡಿಗೆಗಿದ್ದೇವೆ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್, ಅದರ ಜೊತೆ ಬಾಡಿಗೆ ಏರಿಕೆ. ಸಾಕಾಗಿದೆ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಅವರನ್ನೂ ಕರೆದುಕೊಂಡು ಬರಬೇಕು. ಅವರಿಗೆ ಮಂಡಿನೋವು, ಮರಾಠಿ ಬರುವುದಿಲ್ಲ. ಆದರೆ ಬೆಳಿಗ್ಗೆ ಒಂದು ದೇವಸ್ಥಾನ, ಸಂಜೆ ಒಂದು ತರಕಾರಿ ಅಂಗಡಿ ಸಿಕ್ಕರೆ ಎಲ್ಲಿದ್ದರೂ ಖುಷಿಯಾಗಿರುತ್ತಾರೆ.

ನಮ್ಮಲ್ಲಿ ಗಾಡಿ ಇಲ್ಲ, ತಗೊಳ್ಳುವ ಆಸೆಯೂ ಇಲ್ಲ. ನಡೆದು ಸ್ಟೇಷನ್, ನಡೆದು ಮಾರ್ಕೆಟ್, ನಡೆದು ಡಾಕ್ಟರು. ಇಷ್ಟು ಆದರೆ ಸಾಕು.

ಎರಡು ಮನೆ ನೋಡಿದ್ದೇವೆ. ಒಂದು ಡೊಂಬಿವಲಿ ಪೂರ್ವದ ರಾಮನಗರದಲ್ಲಿ, ರೀಸೇಲ್. ಕಟ್ಟಡ 1989ರದು, ಮೂರನೇ ಮಹಡಿ, ಲಿಫ್ಟ್ ಇಲ್ಲ, 48 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು ಕಲ್ಯಾಣ್–ಶೀಳ್ ರಸ್ತೆಯಲ್ಲಿ ಏಳುತ್ತಿರುವ ಟವರ್, 58 ಲಕ್ಷ. ಈಜುಕೊಳ, ಜಿಮ್, ವಾಕಿಂಗ್ ಟ್ರ್ಯಾಕ್ ಎಲ್ಲ ಇದೆ, ಕೀಲಿ ಕೈಗೆ ಬರಲು ಎರಡು ವರ್ಷ. ಹೆಂಡತಿಗೆ ಟವರ್ ಇಷ್ಟ, ನನಗೆ ರಾಮನಗರ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಾರಿ ಇದ್ದರೆ ಹೇಳಿ.

ಶೀಳ್ ರೋಡ್ ನಿವಾಸಿ:

ನಾನು ಆ ರಸ್ತೆಯ ಒಂದು ದೊಡ್ಡ ಕಾಂಪ್ಲೆಕ್ಸ್‌ನಲ್ಲೇ ಇದ್ದೇನೆ. ಒಳಗಡೆ ಬಹಳ ಚೆನ್ನಾಗಿದೆ ಸರ್. ಅಗಲವಾದ ಫುಟ್‌ಪಾತ್, ಮರಗಳು, ಮಕ್ಕಳು ಸೈಕಲ್ ಹೊಡೆದರೆ ಎದೆ ಢವಢವ ಅನ್ನುವುದಿಲ್ಲ. ಅಮ್ಮನಿಗೆ ಲಿಫ್ಟ್ ಇರುತ್ತದೆ, ಕುಳಿತುಕೊಳ್ಳಲು ಬೆಂಚ್ ಇರುತ್ತದೆ.

ಗೇಟಿನ ಹೊರಗೆ ಮಾತ್ರ ಬೇರೆ ಕಥೆ. ಸ್ಟೇಷನ್‌ಗೆ ನಡೆದು ಹೋಗುವ ಮಾತೇ ಇಲ್ಲ. ಬಸ್ ಅಥವಾ ಶೇರ್ ರಿಕ್ಷಾ. ಬೆಳಿಗ್ಗೆ ಟ್ರಾಫಿಕ್ ಜಾಮ್ ಆದರೆ ಲೋಕಲ್ ರೈಲು ತಪ್ಪಿದ ಹಾಗೇ. ಕಲ್ಯಾಣ್–ತಳೋಜಾ ಮೆಟ್ರೋ 12 ಇದೇ ಕಡೆ ಕಟ್ಟುತ್ತಿದ್ದಾರೆ. ಸೇಲ್ಸ್‌ನವರು ಈಗಲೇ ಅದರ ಹೆಸರಲ್ಲಿ ರೇಟು ಹೇಳುತ್ತಾರೆ. ಮೆಟ್ರೋ ಕಂಬ ನೋಡಿ ದುಡ್ಡು ಕೊಡಬೇಡಿ, ಅಷ್ಟೇ ನಾನು ಹೇಳುವುದು.

ಮಾಟುಂಗದ ಮಾಮ:

ನಡೆದಾಡುವ ಊರು ಬೇಕಾದರೆ ಮಾಟುಂಗಕ್ಕೆ ಬನ್ನಿ ಮಾರಾಯ್ರೆ! ಹೂವಿನ ಅಂಗಡಿ, ಬಾಳೆಲೆ, ಒಳ್ಳೇ ಫಿಲ್ಟರ್ ಕಾಫಿ, ಮೈಸೂರು ಅಸೋಸಿಯೇಷನ್, ಎಲ್ಲ ಕಾಲಳತೆಯಲ್ಲಿ. ಸುಮ್ನೆ ಆದದ್ದಲ್ಲ ಅದು. 1896ರ ಪ್ಲೇಗಿನ ನಂತರ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಮಾಡಿದರು. ಅವರು ದಾದರ್–ಮಾಟುಂಗವನ್ನು ನಕ್ಷೆ ಹಾಕಿ, ರಸ್ತೆ, ಮರ, ತೋಟಕ್ಕೆ ಜಾಗ ಬಿಟ್ಟು ಎಬ್ಬಿಸಿದರು. ಆ ನೆರಳಲ್ಲಿ ನಾವು ಇವತ್ತಿಗೂ ನಡೆಯುತ್ತಿದ್ದೇವೆ.

ನಿಮ್ಮ ಬಜೆಟ್‌ಗೆ ಇಲ್ಲಿ ಸಿಕ್ಕರೆ ಪಗಡಿ ರೂಮು, ಅಂದರೆ ದೊಡ್ಡ ಮೊತ್ತ ಮುಂಗಡ ಕೊಟ್ಟು ಹಿಡಿಯುವ ಬಾಡಿಗೆ ರೂಮು, ಸಿಗಬಹುದು. ಆದರೆ ಪಗಡಿಯಲ್ಲಿ ನೀವು ಬಾಡಿಗೆದಾರರೇ ಹೊರತು ಮಾಲೀಕರಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಮುಂದೆ ಬೇರೆಯವರಿಗೆ ಬಿಟ್ಟುಕೊಡುವಾಗ ಮನೆಯೊಡೆಯನಿಗೆ ಪಾಲು ಹೋಗುತ್ತದೆ. ಆದ್ದರಿಂದ ಕಾಫಿಗೆ ಬನ್ನಿ, ಮನೆ ಬೇರೆ ಕಡೆ ನೋಡಿ.

ಪ್ಲಾಟ್‌ಫಾರ್ಮ್ ನಂಬರ್ ಐದು:

ಕಲ್ಯಾಣ್ ದಾಟಿ ಬರುವ ಬದ್ಲಾಪುರದಲ್ಲಿ ಇದೇ ದುಡ್ಡಿಗೆ ಟು ಬಿಎಚ್‌ಕೆ ಬರುತ್ತೆ. ಯಾಕೆ ಯಾರೂ ಹೇಳ್ತಿಲ್ಲ?

ರಾಮನಗರದ ಅಕ್ಕ:

ಬದ್ಲಾಪುರದವರೇ, ಬೆಳಿಗ್ಗೆ ಹೊತ್ತು ಆ ನೂಕುನುಗ್ಗಲಲ್ಲಿ ಲೋಕಲ್‌ನ ಲೇಡೀಸ್ ಡಬ್ಬಿ ಹತ್ತಿ ನೋಡಿ ಅಂತ ಆ ತಮ್ಮನ ಹೆಂಡತಿಗೆ ಹೇಳುವ ಧೈರ್ಯ ನನಗಿಲ್ಲ.

ಅಂಕೋಲೆ ತಮ್ಮ, ನಾನು ಗದಗಿನವಳು, ಮದುವೆಯಾಗಿ ಬಂದು ರಾಮನಗರದಲ್ಲೇ ಬೇರು ಬಿಟ್ಟಿದ್ದೇನೆ. ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಕೆಲಸ ಕೊರಳಿಗೆ ಬಿದ್ದಿದೆ, ಇಳಿಸಿಕೊಳ್ಳುವವರು ಯಾರೂ ಸಿಗುತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮೆಟ್ಟಿಲು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಮ್ಮನಿಗೆ ಮಂಡಿನೋವು. ಗಣೇಶ ಮಂದಿರ ಎಷ್ಟು ಹತ್ತಿರ ಇದ್ದರೇನು, ಅಮ್ಮ ಕೆಳಗೇ ಇಳಿಯದಿದ್ದರೆ? ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜಿ ಬಾಲ್ಕನಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುತ್ತಾರೆ. ಕೆಳಗೆ ತರಕಾರಿ ಗಾಡಿಯವನು ಮೆಂತ್ಯದ ಕಟ್ಟು ಹಾಕಿ, ಚೀಲದಲ್ಲಿದ್ದ ನೋಟು ತೆಗೆದು, ಚಿಲ್ಲರೆ ಇಟ್ಟು, ಹಗ್ಗ ಎರಡು ಸಲ ಜಗ್ಗುತ್ತಾನೆ. ಮೇಲಿಂದ ಅಜ್ಜಿ ಸೊಪ್ಪು ಬಾಡಿದೆ ಅಂತ ಬೈದು ಚೀಲ ವಾಪಸ್ ಇಳಿಸುತ್ತಾರೆ. ನೋಡಲು ಚೆಂದ. ಆದರೆ ಆ ಅಜ್ಜಿ ಬೀದಿಗೆ ಬರುವುದು ಗಣಪತಿ ಹಬ್ಬಕ್ಕೆ ಮತ್ತು ಡಾಕ್ಟರ ಬಳಿಗೆ ಮಾತ್ರ. ಮುಂದೆ ಲಿಫ್ಟ್ ಹಾಕಿಸುತ್ತೇವೆ ಅಂತ ಸೊಸೈಟಿಯವರು ಹೇಳಿದರೆ ನಂಬಬೇಡಿ. ಜನರಲ್ ಬಾಡಿ, ಅಂದರೆ ಎಲ್ಲ ಸದಸ್ಯರ ಸಭೆ, ಒಪ್ಪಬೇಕು, ಪಾಲಿಕೆ ಒಪ್ಪಬೇಕು, ಮೇಲಾಗಿ ನೆಲಮಹಡಿಯವರು ದುಡ್ಡು ಕೊಡಬೇಕು. ಕೊಡ್ತಾರಾ?

ಆದ್ದರಿಂದ ಅದೇ ಓಣಿಗಳಲ್ಲಿ ಮೊದಲ ಮಹಡಿ ಹುಡುಕಿ. ಒಂದೆರಡು ಲಕ್ಷ ಜಾಸ್ತಿ ಹೇಳುತ್ತಾರೆ, ಕೊಡಿ. ನೆಲಮಹಡಿ ಬೇಡ. ಜುಲೈ ಮಳೆಗೆ ಗಟಾರ ತುಂಬಿ ಹೊಸ್ತಿಲ ತನಕ ಬರುವ ಕಟ್ಟಡಗಳು ಇಲ್ಲಿವೆ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ.

ಇನ್ನು ನಡಿಗೆ. ಬ್ರೋಕರ್‌ನ "ಸ್ಟೇಷನ್ ಐದು ನಿಮಿಷ" ಭಾನುವಾರ ಮಧ್ಯಾಹ್ನದ ಲೆಕ್ಕ. ನೀವು ಕೆಲಸದ ದಿನ ಸಂಜೆ ಲೋಕಲ್ ಇಳಿದು, ಆ ಜನದ ಜೊತೆ ಸೇತುವೆ ಹತ್ತಿ ಇಳಿದು, ಅಲ್ಲಿಂದ ಕೈಚೀಲ ಹಿಡಿದು ನಡೆಯಿರಿ. ಸ್ಟೇಷನ್‌ನಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಇರಬಾರದು ಅಂತ ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿದೆ. ಇಲ್ಲಿ ಫುಟ್‌ಪಾತ್ ಮೇಲೆ ಟೊಮೇಟೊ ಕೂತಿರುತ್ತದೆ, ಜನ ರಸ್ತೆಯಲ್ಲಿ ನಡೆಯುತ್ತಾರೆ. ನಾನೂ ಅಲ್ಲೇ ಟೊಮೇಟೊ ಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಹೀಗೆಲ್ಲ ಇದ್ದರೂ ಫಡ್ಕೆ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ದೇವಸ್ಥಾನ, ಔಷಧಿ, ಹೂವು, ಟೈಲರ್, ಹಿಟ್ಟಿನ ಗಿರಣಿ ಎಲ್ಲ ಮುಗಿಯುತ್ತದೆ. ಸಂಜೆ ಇಂದಿರಾ ಚೌಕದಲ್ಲಿ ರಿಕ್ಷಾಕ್ಕೆ ಉದ್ದಕ್ಕೆ ಕ್ಯೂ ನಿಂತವರನ್ನು ದಾಟಿ ನೀವು ಮನೆಗೆ ಹೋಗುತ್ತೀರಲ್ಲ, ಆಗ ನಿಮ್ಮ ಹೆಂಡತಿ ಈಜುಕೊಳ ಮರೆಯುತ್ತಾಳೆ. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಕೂಡ ಇವೆ. ಠಾಣೆ ಕಡೆಯ ಸ್ಟೇಷನ್ನಿನವರು ಆ ರೈಲು ಡೊಂಬಿವಲಿಗೆ ಬರುವಾಗಲೇ ಹತ್ತಿ ರಿಟರ್ನ್ ಬಂದು ಕೂತಿರುತ್ತಾರೆ, ಆದರೂ ಒಳಗೆ ನಿಲ್ಲಲು ಜಾಗವಾದರೂ ಸಿಗುತ್ತದೆ.

ಈಗ ದುಡ್ಡು. 48 ಲಕ್ಷದ ಮನೆಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 80%. ಅಂದರೆ 9.6 ಲಕ್ಷ ನಿಮ್ಮ ಕೈಯಿಂದ. ಸ್ಟಾಂಪ್ ಡ್ಯೂಟಿ ಇಲ್ಲಿ 7%, ಅಂದರೆ 3.36 ಲಕ್ಷ. ಮನೆ ಹೆಂಡತಿ ಒಬ್ಬಳ ಹೆಸರಲ್ಲೇ ಆದರೆ 6%. ಜಂಟಿ ಹೆಸರಾದರೆ ಆ ರಿಯಾಯಿತಿ ಇಲ್ಲ. ರಿಜಿಸ್ಟ್ರೇಷನ್ 30,000. ಬ್ರೋಕರ್ ಎರಡು ಪರ್ಸೆಂಟ್ ಕೇಳುತ್ತಾನೆ, ಚೌಕಾಸಿ ಮಾಡಿ. ಡ್ಯೂಟಿ, ಬ್ರೋಕರ್ ಎಲ್ಲಕ್ಕೂ ಸಾಲ ಸಿಕ್ಕೀತು ಅಂತ ಅಂದುಕೊಳ್ಳಬೇಡಿ. ಒಟ್ಟು ಸುಮಾರು 14 ಲಕ್ಷ ಕೈಯಲ್ಲಿ ಇಟ್ಟುಕೊಂಡೇ ಮಾತಿಗೆ ಕೂರಿ. ಟವರ್‌ನಲ್ಲಿ 58 ಲಕ್ಷದ ಮೇಲೆ ಜಿಎಸ್‌ಟಿ 5% ಬರುತ್ತದೆ, 2.9 ಲಕ್ಷ. 45 ಲಕ್ಷದ ಒಳಗಿನ ಸಣ್ಣ ಮನೆಗಾದರೆ 1%. ಓಸಿ, ಅಂದರೆ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ, ಬಂದ ಮೇಲೆ ಕೊಂಡರೆ, ಅಥವಾ ರೀಸೇಲ್ ಆದರೆ, ಜಿಎಸ್‌ಟಿ ಇಲ್ಲವೇ ಇಲ್ಲ.

ಹಳೇ ಕಟ್ಟಡದ ಪೇಚು ಕಾಗದದಲ್ಲಿದೆ. ಬಿಲ್ಡರ್ ಮೊದಲು ಮಾರಿದಾಗಿನಿಂದ ಇವತ್ತಿನವರೆಗಿನ ಎಲ್ಲ ಮೂಲ ಅಗ್ರಿಮೆಂಟ್ ಬೇಕು, ನಡುವೆ ಒಂದು ಕೊಂಡಿ ಕಳಚಿದ್ದರೂ ಬ್ಯಾಂಕು ತಕರಾರು ತೆಗೆಯುತ್ತದೆ. ಸೊಸೈಟಿ ಸದಸ್ಯತ್ವದ ಶೇರ್ ಸರ್ಟಿಫಿಕೇಟ್ ನೋಡಿ. ಓಸಿ ಇದೆಯಾ ಕೇಳಿ, ಇಲ್ಲಿ ಎಷ್ಟೋ ಕಟ್ಟಡಕ್ಕೆ ಇಲ್ಲ. ಜಾಗ ಸೊಸೈಟಿ ಹೆಸರಿಗೆ ಕನ್ವೇಯನ್ಸ್ ಆಗಿದೆಯಾ ಕೇಳಿ. ಬಿಲ್ಡರ್ ಕೈ ಕೊಟ್ಟಿದ್ದರೆ ಅವನ ಸಹಿ ಇಲ್ಲದೆಯೇ ಸರ್ಕಾರದ ಮೂಲಕ ಡೀಮ್ಡ್ ಕನ್ವೇಯನ್ಸ್ ಮಾಡಿಸಿಕೊಳ್ಳಬಹುದು, ಆದರೆ ನಿಮ್ಮ ಸೊಸೈಟಿ ಮಾಡಿಸಿದೆಯಾ ಅನ್ನುವುದು ಮುಖ್ಯ. ಮನೆ ನಿಮ್ಮ ಹೆಸರಿಗೆ ಮಾಡಲು ಸೊಸೈಟಿ ಕೇಳುವ ಟ್ರಾನ್ಸ್‌ಫರ್ ಪ್ರೀಮಿಯಂ 25,000ಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. "ಡೊನೇಶನ್" ಅಂತ ಲಕ್ಷ ಕೇಳೋಣ ಅಂತ ನಮ್ಮ ಕಮಿಟಿಯಲ್ಲೂ ಒಬ್ಬರು ಶುರು ಮಾಡಿದ್ದರು. ಸರ್ಕಾರದ ಸುತ್ತೋಲೆ ಮುಂದಿಟ್ಟೆ, ಚಹಾ ಕುಡಿದು ಎದ್ದು ಹೋದರು.

ಹೊಸದಾದರೆ ರೇರಾ (ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ಸರ್ಕಾರಿ ಪ್ರಾಧಿಕಾರ) ನಂಬರ್ ಇದೆ ಅಂತ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ ಜನ. ನಮ್ಮ ಡೊಂಬಿವಲಿಯ ಕಡೆಯೇ 65 ಕಟ್ಟಡಗಳಿಗೆ ಪಾಲಿಕೆಯ ಪರವಾನಗಿ ಪತ್ರ ನಕಲಿ ಮಾಡಿ, ಅದನ್ನೇ ತೋರಿಸಿ ರೇರಾ ನಂಬರ್ ಪಡೆದಿದ್ದರು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ಅಲ್ಲಿ ಸಾಲ ಮಾಡಿ ಮನೆ ತಗೊಂಡವರು ಬೀದಿಗೆ ಬರುವ ಹಾಗಾಯಿತು. ಪರವಾನಗಿಯನ್ನು ಪಾಲಿಕೆಯಲ್ಲೇ ತಾಳೆ ನೋಡಿ. ವಕೀಲರು ನಿಮ್ಮವರಿರಲಿ, ಬಿಲ್ಡರ್ ತೋರಿಸಿದವರು ಬೇಡ.

ಅಂಕೋಲೆಯವ:

ಅಕ್ಕಾ, ತುಂಬಾ ಉಪಕಾರ. ಇದನ್ನು ಹೆಂಡತಿಗೆ ಓದಿ ಹೇಳಿದೆ. ಹಗ್ಗದ ಚೀಲದ ಕಥೆಗೆ ನಕ್ಕಳು, ಆಮೇಲೆ "ಅತ್ತೆಗೆ ಮೂರನೇ ಮಹಡಿ ಬೇಡವೇ ಬೇಡ" ಅಂದಳು. ಟಿಳಕ್ ನಗರದಲ್ಲಿ ಮೊದಲ ಮಹಡಿಯ ಒಂದು ಮನೆ ಇದೆ, 51 ಲಕ್ಷ. ಬ್ರೋಕರ್ 410 ಚದರ ಅಡಿ ಅನ್ನುತ್ತಿದ್ದಾನೆ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಲಿದೆಯಂತೆ, ಈಗ ತಗೊಂಡರೆ ಮುಂದೆ ಹೊಸ ಮನೆ ಫ್ರೀ ಅಂತ ಆಸೆ ಹುಟ್ಟಿಸುತ್ತಿದ್ದಾನೆ. ಅದು ಒಳ್ಳೇದಲ್ವಾ?

ರಾಮನಗರದ ಅಕ್ಕ:

ನಿಮಗೆ ಒಳ್ಳೇದು, ಅಮ್ಮನಿಗೆ ಅಲ್ಲ. ಕಟ್ಟಡ ಕೆಡವಿದರೆ ಮತ್ತೆ ಕೆಲವು ವರ್ಷ ಬಾಡಿಗೆ ಮನೆ. ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಕೆಲಸ ನಿಂತರೆ ಅದೂ ನಿಲ್ಲುತ್ತದೆ. ಅಮ್ಮ ಇಲ್ಲಿಯ ಹೂವಿನವಳ, ದೇವಸ್ಥಾನದವರ ಪರಿಚಯ ಮಾಡಿಕೊಂಡ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು. 51% ಸದಸ್ಯರು ಒಪ್ಪಿದರೆ ಸಾಕು, ನಿಮ್ಮೊಬ್ಬರ "ಬೇಡ" ನಡೆಯುವುದಿಲ್ಲ. ಜನರಲ್ ಬಾಡಿಯಲ್ಲಿ ಠರಾವು ಆಗಿದೆಯಾ, ಡೆವಲಪರ್ ಗೊತ್ತಾಗಿದ್ದಾನಾ ಅಂತ ಸೆಕ್ರೆಟರಿಯನ್ನೇ ಕೇಳಿ, ಮಿನಿಟ್ಸ್ ಪುಸ್ತಕ ತೋರಿಸಲು ಹೇಳಿ. ಬರೀ ಬಾಯಿಮಾತಾದರೆ ಅದಕ್ಕೆ ಮೂರು ಲಕ್ಷ ಜಾಸ್ತಿ ಕೊಡಬೇಡಿ. ನಮ್ಮ ಕಟ್ಟಡಕ್ಕೂ ಆ ಮಾತು ವರ್ಷಗಳಿಂದ ಇದೆ, ಕಟ್ಟಡವೂ ಇದೆ.

410 ಅಂದದ್ದು ಗೋಡೆ ಸೇರಿಸಿದ ಬಿಲ್ಟ್‌ಅಪ್ಪಾ, ಒಳಗಿನ ಜಾಗ ಮಾತ್ರದ ಕಾರ್ಪೆಟ್ಟಾ? ಹಳೇ ಅಗ್ರಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಬಿಲ್ಟ್‌ಅಪ್ ಇರುತ್ತದೆ. ಟೇಪು ತಗೊಂಡು ಹೋಗಿ, ಗೋಡೆಯಿಂದ ಗೋಡೆಗೆ ನೀವೇ ಅಳೆಯಿರಿ. ಸ್ಟ್ರಕ್ಚರಲ್ ಆಡಿಟ್ ಆಗಿದ್ದರೆ ರಿಪೋರ್ಟ್ ಕೇಳಿ, ಸ್ಲ್ಯಾಬಿನ ಕಬ್ಬಿಣ ಎಲ್ಲಾದರೂ ಕಾಣುತ್ತಿದೆಯಾ ಅಂತ ಬಾತ್‌ರೂಮಿನ ಛಾವಣಿ ನೋಡಿ. ಇನ್ನೊಂದು, 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಒಂದು ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ. 49ಕ್ಕೆ ಇಳಿಸಿದರೆ ಆ ತಲೆನೋವೂ ತಪ್ಪಬಹುದು.

ಟಿಳಕ್ ನಗರದ ಆ ಓಣಿ ನನಗೆ ಗೊತ್ತು, ಜಾಗ ಚೆನ್ನಾಗಿದೆ. ಶನಿವಾರ ನೋಡಲು ಬರುವುದಾದರೆ ಮೆಸೇಜ್ ಹಾಕಿ, ನಾನೂ ಬರುತ್ತೇನೆ. ಮರಾಠಿಯಲ್ಲಿ ಜಗಳ ಆಡುವವರು ಒಬ್ಬರು ಜೊತೆಗಿರಲಿ.